ಹಕ್ಕಿ ಮೆಟ್ಟದ ನೆಲ

ಒಂದಾನೊಂದು ಕಾಲದಲ್ಲಿ ಅಂತ ಶುರು ಮಾಡಿದರೆ ನೀವು ಗೋಡೆಗೆ ಒರಗಿ ಹಾಯಾಗಿ ಕೇಳುತ್ತೀರಿ. ಹಾಗೆ ಶುರು ಮಾಡುವುದಿಲ್ಲ. ಆ ಊರು ಈಗಲೂ ಇದೆ. ಹೊಟ್ಟೆ ತುಂಬ ಉಂಡು, ಕಾಲು ಚಾಚಿ, ಕಡಲಿಗೆ ಬೆನ್ನು ಕೊಟ್ಟು ಮಲಗಿದೆ. ಇಲ್ಲದೆ ಹೋದದ್ದು ಬೇರೆ.

ಆ ಊರಿಗೆ ಒಂದು ಕಟ್ಟಳೆ. ಹಕ್ಕಿ ಮೆಟ್ಟಿದ ನೆಲ ಹಕ್ಕಿಯದು, ಹಕ್ಕಿ ಮೆಟ್ಟದ ನೆಲ ಊರಿನದು. ಮಾಡಿದವರು ಯಾರೋ ಗೊತ್ತಿಲ್ಲ. ಮಾಡಿದಾಗ ಊರ ಮುಂದಿನ ಕೆಸರುಬಯಲು ಕಣ್ಣು ಹಾಯುವಷ್ಟು ದೂರ ಹಬ್ಬಿತ್ತು, ಹಕ್ಕಿಗಳು ಸಾವಿರಗಟ್ಟಲೆ ಇಳಿಯುತ್ತಿದ್ದವು, ಊರಿಗೆ ಸಿಗುತ್ತಿದ್ದದ್ದು ಅಂಚಿನ ನಾಲ್ಕು ತುಂಡು. ಆಗ ಅದು ನ್ಯಾಯವಾದ ಕಟ್ಟಳೆಯೇ ಆಗಿತ್ತು.

ಹಕ್ಕಿ ನೋಡಲು ಅಂಥ ಚೆಲುವೇನಲ್ಲ. ಮಣ್ಣಿನ ಬಣ್ಣ, ಉದ್ದ ಕಾಲು, ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದ ಕೊಕ್ಕು. ಚಳಿ ಬೀಳುವ ಹೊತ್ತಿಗೆ ಬಡಗಣ ದಿಕ್ಕಿನಿಂದ ಬರುತ್ತಿತ್ತು. ಕಡಲು ಇಳಿದಾಗ ಕೆಸರಿಗೆ ಕಾಲಿಟ್ಟು, ಕೊಕ್ಕು ಚುಚ್ಚಿ, ಹುಳ ಎಳೆದು ತಿನ್ನುತ್ತಿತ್ತು. ಬೇಸಗೆ ಬಂದರೆ ಬಂದ ದಾರಿಯಲ್ಲೇ ತಿರುಗಿ ಹೋಗುತ್ತಿತ್ತು. ಊರವರು ಅದನ್ನು ನೆಂಟರ ಹಕ್ಕಿ ಎನ್ನುತ್ತಿದ್ದರು.

ಚಳಿಗಾಲದ ಮೊದಲ ಅಮಾವಾಸ್ಯೆ ಕಳೆದ ಬೆಳಿಗ್ಗೆ, ಕಡಲು ಪೂರ್ತಿ ಇಳಿದಾಗ, ಹೆಜ್ಜೆ ನೋಡುವವಳು ಬಯಲಿಗೆ ಇಳಿಯುತ್ತಿದ್ದಳು. ಅದು ಅವಳ ಮನೆತನಕ್ಕೆ ಬಂದ ಕೆಲಸ. ಬರಿಗಾಲು, ಕಂಕುಳಲ್ಲಿ ಕಡ್ಡಿಯ ಕಟ್ಟು. ಮೂರು ಬೆರಳಿನ ಹೆಜ್ಜೆ, ಅದರ ಮುಂದೆ ಕೊಕ್ಕು ಚುಚ್ಚಿದ ತೂತು. ಎರಡೂ ಕಂಡಲ್ಲಿ ಒಂದು ಕಡ್ಡಿ ನೆಟ್ಟು "ಇದು ಅವರದು" ಎನ್ನುತ್ತಿದ್ದಳು. ಕಾಣದಲ್ಲಿ ಮೂರು ಸಲ ಬಗ್ಗಿ ನೋಡಿ, ಮೂರು ಸಲ "ಇಲ್ಲಿ ಹೆಜ್ಜೆ ಇಲ್ಲ" ಎನ್ನುತ್ತಿದ್ದಳು. ಮೂರನೆಯ ಸಲ ಅಂದ ಕೂಡಲೇ ಅವಳ ಹಿಂದೆ ಹಾರೆ ಹಿಡಿದು ಬರುತ್ತಿದ್ದ ಅವಳ ತಮ್ಮ, ಊರಿನ ಬದು ಹಾಕುವವನು, ಮೊದಲ ಹೆಂಟೆ ಎತ್ತಿ ಹಾಕುತ್ತಿದ್ದ. ಬದು ಎದ್ದ ಮೇಲೆ ಕಡಲು ತನ್ನಿಷ್ಟಕ್ಕೆ ಒಳಗೆ ಬರುವಂತಿಲ್ಲ. ಊರು ಬಿಟ್ಟಷ್ಟು ನೀರು ಬಂದು, ಬಿಸಿಲಿಗೆ ಒಣಗಿ, ಉಪ್ಪಾಗಬೇಕು. ಕೆಸರಿದ್ದಲ್ಲಿ ಉಪ್ಪಿನ ಆಗರವಾಗುತ್ತಿತ್ತು, ಅದರ ನೆಲವನ್ನು ತುಳಿದು ಬಡಿದು ಗಟ್ಟಿ ಮಾಡುತ್ತಿದ್ದರು.

ಗಟ್ಟಿ ನೆಲದಲ್ಲಿ ಹುಳವಿಲ್ಲ. ಹುಳವಿಲ್ಲದಲ್ಲಿ ಹಕ್ಕಿ ಇಳಿಯುವುದಿಲ್ಲ. ಇಳಿಯದಿದ್ದರೆ ಹೆಜ್ಜೆಯಿಲ್ಲ. ಹೆಜ್ಜೆಯಿಲ್ಲದಿದ್ದರೆ ನೆಲ ಊರಿನದು. ಪ್ರತಿ ವರ್ಷ ಕಡ್ಡಿಯ ಕಟ್ಟು ತೆಳ್ಳಗಾಯಿತು, ಉಪ್ಪಿನ ರಾಶಿ ಎತ್ತರವಾಯಿತು. ತೊಟ್ಟಿಲ ಕೂಸಿಗೂ ತಿಳಿಯುವಂಥದ್ದು ಊರಿಗೆ ತಿಳಿಯಲಿಲ್ಲ. ತಿಳಿಯಲಿಲ್ಲವಂತೆ! ಜಾಣಕುರುಡು ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಮಾಡಿಟ್ಟಿಲ್ಲ.

ಹೆಜ್ಜೆ ನೋಡುವವಳು ಮೂವತ್ತೊಂದು ವರ್ಷ ನೋಡಿದಳು. ಒಂದು ಸಲವೂ ಸುಳ್ಳು ಹೇಳಲಿಲ್ಲ. ಇದ್ದಲ್ಲಿ ಇದೆ ಎಂದಳು, ಇಲ್ಲದಲ್ಲಿ ಇಲ್ಲ ಎಂದಳು. ಸತ್ಯವಂತೆ ಎಂದು ಊರು ಅವಳನ್ನು ಹೊಗಳಿತು. ಅವಳು ಇಲ್ಲ ಎಂದಷ್ಟೂ ಹೊಗಳಿಕೆ ಹೆಚ್ಚಿತು, ಅವಳೂ ಅದಕ್ಕೆ ಹಿಗ್ಗಿದಳು. ಒಂದು ಸುಳ್ಳು ಹೇಳಿದ್ದರೆ ಹಕ್ಕಿ ಉಳಿಯುತ್ತಿತ್ತೇನೋ ಎಂಬ ಯೋಚನೆ ಅವಳಿಗೆ ಬಂದದ್ದು, ಹಳ್ಳ ಕಡಲು ಸೇರುವಲ್ಲಿ ಒಂದು ಒಕ್ಕುವ ಕಣದಷ್ಟು ಕೆಸರು ಮಾತ್ರ ಉಳಿದ ಮೇಲೆ.

ಆ ತುಂಡಿನಲ್ಲಿ ಕೊನೆಯ ಹೆಜ್ಜೆ ಕಂಡು ಮೂರು ಚಳಿಗಾಲವಾಗಿತ್ತು. ಮೊದಲ ಎರಡು ಸಲ ಅವಳು "ತಡವಾಗಿದೆ" ಎಂದು ಹೇಳಿ ತುಂಡನ್ನು ಉಳಿಸಿದ್ದಳು. ಮೂರನೆಯ ಸಲ ಊರೆಲ್ಲ ದಂಡೆಯ ಮೇಲೆ ನಿಂತಿತ್ತು. ಮುಂದೆ ಊರ ಯಜಮಾನ. ಅವಳು ಕೆಸರಿನ ನಡುವೆ ಒಬ್ಬಳೇ ಕುಳಿತು, ಯಾರಿಗೂ ಕಾಣದಂತೆ, ಮೂರು ಬೆರಳು ಅಗಲಿಸಿ ಕೆಸರಿಗೆ ಒತ್ತಿದಳು. ಹಕ್ಕಿಯ ಹೆಜ್ಜೆಯೇ ಮೂಡಿತು. ಮುಂದೆ ಒಂದು ಕಡ್ಡಿ ಚುಚ್ಚಿದರೆ ಸಾಕಿತ್ತು. ಮೂವತ್ತೊಂದು ವರ್ಷ ನಿಜ ಹೇಳಿ ಕೊಂದಾಯಿತು, ಈಗ ಸುಳ್ಳು ಹೇಳಿ ಯಾರನ್ನು ಉಳಿಸಬೇಕು? ಮೈಯೆಲ್ಲ ಉರಿದುಹೋಯಿತು. ಅಂಗೈಯಿಂದ ಆ ಗುರುತನ್ನು ಒರೆಸಿ ಎದ್ದು ನಿಂತಳು.

"ಏನಕ್ಕಾ, ಹೆಜ್ಜೆ ಇದೆಯೋ ಇಲ್ಲವೋ?" ಯಜಮಾನ ಕೂಗಿದ. "ಹಾರೆ ಹಿಡ್ಕೊಂಡು ನಿಂತೋರ ಕೈ ನೋಯ್ತಾ ಇದೆ."

"ಸತ್ತಿದೆ," ಎಂದಳು.

"ನಾನು ಕೇಳಿದ್ದು ಅದಲ್ಲ. ಹೆಜ್ಜೆ ಇದೆಯಾ?"

"ಸತ್ತೋರಿಗೆ ಹೆಜ್ಜೆ ಎಲ್ಲಿಂದ ಬರುತ್ತೆ ಯಜಮಾನರೇ?"

"ತಡ ಆಗಿರಬಹುದು ಅಂತ ನೀನೇ ಹೇಳಿದ್ದೆಯಲ್ಲ."

"ಹೇಳಿದ್ದೆ. ಮೂರು ವರ್ಷ ತಡ ಮಾಡೋ ನೆಂಟರನ್ನ ನೀವು ಎಲ್ಲಾದರೂ ಕಂಡಿದೀರಾ?"

ದಂಡೆಯ ಮೇಲೆ ಯಾರೋ ನಕ್ಕರು. ಯಜಮಾನ ನಗಲಿಲ್ಲ. ಅವನು ದಡ್ಡನಲ್ಲ. ಸತ್ತವರ ನೆಲಕ್ಕೆ ಸೂತಕ ಕಳೆಯುವವರೆಗೆ ಹಾರೆ ಹಾಕುವಂತಿಲ್ಲ ಎಂಬುದು ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಇವಳು ಬಾಗಿಲು ಹಾಕಲು ಹೊರಟಿದ್ದಾಳೆ ಎಂದು ಅವನಿಗೆ ಹೊಳೆಯಿತು.

"ಹೆಣ ಕಂಡೆಯಾ?"

"ಇಲ್ಲ."

"ಹೆಣ ಹೋಗಲಿ. ಕಡಲಿಗೆ ಹೋದೋರ ಹೆಣ ನಮಗೆ ಎಷ್ಟೋ ಸಲ ಸಿಕ್ಕಿಲ್ಲ. ಆದರೆ ಒಂದು ಮನೆಯೋರು ಮುಂದೆ ಬಂದು, ನಮಗೆ ಸೂತಕ ಅಂದ ಮೇಲೇ ಅದು ಸಾವು. ಸೂತಕ ಹಿಡಿಯೋರು ಇಲ್ಲದೆ ನಮ್ಮೂರಲ್ಲಿ ಯಾರೂ ಸತ್ತಿಲ್ಲ. ಹಕ್ಕಿಗೆ ಸೂತಕ ಯಾರು ಹಿಡೀತಾರೆ? ನಮ್ಮೂರಲ್ಲಂತೂ ಅದು ಸತ್ತಿಲ್ಲ. ಸತ್ತಿದ್ದರೆ ದಾರೀಲಿ ಎಲ್ಲೋ ಸತ್ತಿದೆ. ಹೋಗಿ ಕೇಳ್ಕೊಂಡು ಬಾ. ಬೇಸಗೆಯ ಉಪ್ಪು ತೆಗೆಯೋವರೆಗೆ ಗಡುವು. ಸೂತಕ ಹಿಡಿಯೋ ಮನೆ ಸಿಕ್ಕಿದರೆ ಈ ತುಂಡಿಗೆ ನಾನೂ ಹಾರೆ ಹಾಕಿಸಲ್ಲ."

ತಮ್ಮ ಅವಳನ್ನು ಊರ ಹೊರಗಿನವರೆಗೆ ಕಳಿಸಲು ಬಂದ. ಅವನ ಮಗಳು ಬುತ್ತಿ ಹಿಡಿದು ಜೊತೆಗೆ ಬಂದಳು. ತಾಯಿಯಿಲ್ಲದ ಹುಡುಗಿ, ಈ ಅತ್ತೆಯ ಮಡಿಲಲ್ಲೇ ಬೆಳೆದವಳು.

"ಒಂದು ಹಕ್ಕಿಗೋಸ್ಕರ ಇಷ್ಟೆಲ್ಲ ಯಾಕಕ್ಕಾ?" ಎಂದ ತಮ್ಮ. "ಉಪ್ಪು ತೆಗೆದ ಮೇಲೆ ನಿನ್ನ ಸೊಸೆ ಮದುವೆ ಇದೆ. ಧಾರೆಗೆ ನೀನಿಲ್ಲದೆ ಇದ್ದರೆ ಹೇಗೆ?"

"ಬರ್ತೀನಿ," ಎಂದು ಸೊಸೆಯ ಕೆನ್ನೆ ಸವರಿ, ಅವಳು ಹಕ್ಕಿಯ ದಾರಿ ಹಿಡಿದಳು.

ಹಕ್ಕಿ ಹಾರುತ್ತಿದ್ದ ದಾರಿಯನ್ನು ನಡೆದು ಹೋಗುವುದೆಂದರೇನು? ಕಾಲಿನ ಚರ್ಮ ಎರಡು ಸಲ ಸುಲಿದು ಎರಡು ಸಲ ಬಂತು. ಮೊದಲು ಸಿಕ್ಕಿದ್ದು ಕೆರೆಯ ಊರು. ಹಕ್ಕಿ ಅಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತಿತ್ತಂತೆ. ಈಗ ಕೆರೆಯ ನೀರನ್ನು ತೋಡಿ ಹೊರಗೆ ಬಿಟ್ಟು, ತಳದಲ್ಲಿ ಕಬ್ಬು ಬೆಳೆದಿದ್ದರು. ಹೆಸರಿಗೆ ಮಾತ್ರ ಕೆರೆಯ ಊರು.

"ಸೂತಕವಾ? ನಮಗಾ?" ಎಂದ ಆ ಊರಿನ ಹಿರಿಯ, ಕಬ್ಬು ಸಿಗಿಯುತ್ತಾ. "ಅಲ್ಲಮ್ಮಾ, ಅದು ಇಲ್ಲಿ ಎರಡು ದಿನ ಇಳ್ಕೊಂಡು ಹೋಗ್ತಿತ್ತು. ಛತ್ರದಲ್ಲಿ ಇಳ್ಕೊಂಡು ಹೋದೋನು ಮುಂದೆ ಎಲ್ಲೋ ಸತ್ತರೆ, ಛತ್ರದೋನು ತಲೆ ಬೋಳಿಸ್ಕೋಬೇಕಾ?"

"ಛತ್ರಾನೇ ಕೆಡವಿದ್ದೀರಲ್ಲ."

"ಬರೋರು ಕಡಿಮೆ ಆದ್ರು, ಕೆಡವಿದ್ವಿ," ಎಂದು ಅವನು ಅವಳಿಗೂ ಒಂದು ಗೆಣ್ಣು ಕಬ್ಬು ಕೊಟ್ಟ. ಅವಳು ಅದನ್ನು ಅವನ ಕಾಲ ಬಳಿಯೇ ಇಟ್ಟು ಎದ್ದಳು.

ಎರಡನೆಯದು ಬಲೆಯ ಊರು. ಅಲ್ಲಿ ಮನೆಮನೆಯ ಜಗಲಿಯ ಮೇಲೆ ಬಲೆ ಒಣಗುತ್ತಿತ್ತು. ಜನ ಒಳ್ಳೆಯವರು, ಕೂರಿಸಿ ನೀರು ಕೊಟ್ಟರು.

"ನಾವು ಹಿಡಿದದ್ದು ಬೇರೆ ಹಕ್ಕಿ," ಎಂದರು. "ನೋಡೋಕೆ ಅದರ ಥರಾನೇ ಇತ್ತು. ಆದರೆ ಅದಲ್ಲ. ಅದೇ ಆಗಿದ್ದರೆ ನಾವು ಬಿಟ್ಟುಬಿಡ್ತಿದ್ವಿ."

"ಅದಲ್ಲ ಅಂತ ಹೇಗೆ ಗೊತ್ತಾಯ್ತು?"

"ತಿಂದು ನೋಡಿದಾಗ ಗೊತ್ತಾಯ್ತು."

ಎಲ್ಲರೂ ತಲೆಯಾಡಿಸಿದರು. ಒಬ್ಬನೂ ನಗಲಿಲ್ಲ, ಹೇಳಿದ್ದನ್ನು ಅವರು ನಂಬಿದ್ದರು. ಕಳ್ಳರನ್ನಾದರೂ ಬಯ್ಯಬಹುದು, ತಮ್ಮ ಸುಳ್ಳನ್ನು ತಾವೇ ನಂಬಿದವರನ್ನು ಏನೆಂದು ಬಯ್ಯುವುದು? ಹೆಜ್ಜೆ ನೋಡುವವಳು ಹಲ್ಲು ಕಚ್ಚಿ ಮುಂದೆ ನಡೆದಳು.

ಕೊನೆಯದು ಗೂಡಿನ ಊರು. ಅಲ್ಲಿಂದ ಮುಂದೆ ದಾರಿಯಿಲ್ಲ. ಹಕ್ಕಿ ಅಲ್ಲಿನ ಜೌಗಿನಲ್ಲಿ ಹುಲ್ಲು ತುಳಿದು ಗೂಡು ಮಾಡಿ, ನಾಲ್ಕು ಮೊಟ್ಟೆ ಇಡುತ್ತಿತ್ತು. ಈಗ ಜೌಗಿಲ್ಲ, ಹೊಲ. ಉತ್ತ ಸಾಲು ಆಕಾಶ ಮುಟ್ಟುವವರೆಗೆ ಹೋಗಿತ್ತು. ಇದು ತವರು, ಇಲ್ಲಾದರೂ ಒಂದು ಮನೆ ಅತ್ತೀತು ಎಂದು ಅವಳು ನಂಬಿದ್ದಳು.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು," ಎಂದರು ಅಲ್ಲಿನ ಗಂಡಸರು. "ರೆಕ್ಕೆ ಬಂದ ಮೇಲೆ ಅದು ನಿಮ್ಮ ಮನೇದು. ಇಲ್ಲಿಂದ ಹೊರಟಾಗ ಚೆನ್ನಾಗೇ ಇತ್ತು."

ಅವಳ ತಾಳ್ಮೆ ಕಿತ್ತುಹೋಯಿತು. "ಗೂಡಿನ ಮೇಲೆ ನೇಗಿಲು ಹೊಡೆದು ಚೆನ್ನಾಗಿತ್ತು ಅಂತೀರಲ್ಲ, ನಾಲಿಗೆ ಬಿದ್ದು ಹೋಗಲ್ವಾ ನಿಮಗೆ!" ಎಂದು ಕಿರುಚಿದಳು.

ಆಗ ಬಾಗಿಲ ಸಂದಿಯಿಂದ ಒಬ್ಬ ಮುದುಕಿ ಹೊರಗೆ ಬಂದಳು. ಸೊಂಟ ಬಾಗಿತ್ತು, ದನಿ ಬಾಗಿರಲಿಲ್ಲ.

"ನಾವು ಉತ್ತದ್ದು ಹೌದು. ಅದು ನಮ್ಮ ಪಾಪ. ಆದರೆ ನಾವು ನೇಗಿಲು ಹೂಡೋ ಮೊದಲೇ ಅವು ಕಡಿಮೆಯಾಗಿದ್ದವು, ನಾನು ಕಣ್ಣಾರೆ ಕಂಡಿದೀನಿ. ನಾಲ್ಕು ಮರಿ ಹಾರಿ ಹೋದರೆ ತಿರುಗಿ ಬರ್ತಿದ್ದದ್ದು ಒಂದು. ನೀನು ಕಡಲೂರಿನೋಳಲ್ವಾ? ಹೇಳು. ಉಳಿದ ಮೂರನ್ನ ಏನು ಮಾಡಿದ್ರಿ?"

ಹೆಜ್ಜೆ ನೋಡುವವಳಲ್ಲಿ ಉತ್ತರ ಇತ್ತು. ಮೂವತ್ತೊಂದು ವರ್ಷ ಅದನ್ನೇ ಹೇಳಿದ್ದಳು, ಒಂದೊಂದು ತುಂಡಿಗೂ ಮೂರು ಮೂರು ಸಲ. ದೂರದಿಂದ ಹಾರಿ ಬಂದು, ಹಸಿದು, ಇಳಿಯಲು ನೋಡಿ, ಕೆಳಗೆಲ್ಲ ಬಿಳಿ ಉಪ್ಪು ಕಂಡು, ಕಡಲ ಮೇಲೆ ಸುತ್ತಿ ಸುತ್ತಿ ಬಿದ್ದವುಗಳ ಹೆಜ್ಜೆ ಕೆಸರಿನಲ್ಲಿ ಮೂಡುವುದು ಹೇಗೆ? ಅವಳು ಮುದುಕಿಯ ಕಾಲು ಮುಟ್ಟಿದಳು. ಬಂದ ದಾರಿಗೆ ತಿರುಗಿದಳು. ಬರುವಾಗ ಇತರರ ಮೇಲಿದ್ದ ಸಿಟ್ಟು ಹೋಗುವಾಗ ತನ್ನ ಮೇಲೇ ತಿರುಗಿತ್ತು.

ಅವಳು ಊರು ಮುಟ್ಟಿದ ದಿನ ಉಪ್ಪು ತೆಗೆಯುತ್ತಿದ್ದರು. ಬಿಸಿಲು ನೆತ್ತಿಗೇರಿತ್ತು. ಊರೆಲ್ಲ ಆಗರದಲ್ಲಿತ್ತು, ರಾಶಿಗಳ ಬೆಳಕಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

"ಸಿಕ್ಕಿತಾ ಮನೆ?" ಎಂದ ಯಜಮಾನ.

"ಸಿಕ್ಕಿತು. ನನ್ನದೇ."

"ಒಳ್ಳೇದಾಯ್ತು. ನೀನೊಬ್ಬಳು ಮೂಲೇಲಿ ಕೂತು ಸೂತಕ ಕಳ್ಕೋ. ಊರಿಗೇನಂತೆ?"

ಅವಳು ಬಗ್ಗಿ ರಾಶಿಯಿಂದ ಒಂದು ಹಿಡಿ ಉಪ್ಪು ತೆಗೆದಳು. ಆ ಊರಲ್ಲಿ ಒಡೆಯ ಸತ್ತರೆ ಆಳಿಗೂ ಸೂತಕ, ಆಳು ಸತ್ತರೆ ಒಡೆಯನಿಗೂ ಸೂತಕ. ಯಾರ ಉಪ್ಪು ಉಂಡೆಯೋ ಅವರ ಸಾವು ನಿನ್ನದು ಎಂದು ಹುಟ್ಟಿದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು.

"ಈ ಉಪ್ಪು ಯಾರ ನೆಲದ್ದು?" ಎಂದು ಯಜಮಾನನ ಮುಖದ ಮುಂದೆ ಹಿಡಿದಳು.

ಅವನು ಮುಖ ಆಚೆ ತಿರುಗಿಸಿದ. ಅವಳು ಮುಂದಿನವನ ಬಳಿಗೆ ಹೋದಳು. ಈ ಉಪ್ಪು ಯಾರ ನೆಲದ್ದು? ಅವನ ಮುಂದಿನವಳ ಬಳಿಗೆ ಹೋದಳು. ಈ ಉಪ್ಪು ಯಾರ ನೆಲದ್ದು? ಆಗರ ಮುಗಿಸಿ ಬೀದಿಗೆ ಬಂದಳು, ಒಂದೊಂದು ಮನೆಯ ಹೊಸಿಲಿಗೂ ಚಿಟಿಕೆ ಉಪ್ಪು ಇಟ್ಟು ಅದನ್ನೇ ಕೇಳಿದಳು. ಹಲ್ಲಿಲ್ಲದ ಮುದುಕರು ಮೊದಲು ತಲೆ ತಗ್ಗಿಸಿದರು. ಆಮೇಲೆ ಹೆಂಗಸರು ಒಲೆ ಆರಿಸಿದರು. ಸಂಜೆಯ ಹೊತ್ತಿಗೆ ಊರಲ್ಲಿ ಒಂದು ಮನೆಯಿಂದಲೂ ಹೊಗೆ ಏಳಲಿಲ್ಲ. ಊರಿಗೆ ಸೂತಕ ಬಂದಿತ್ತು, ಹಾರೆಗಳೆಲ್ಲ ಗೋಡೆಗೆ ಒರಗಿದ್ದವು. ಅವಳು ಆ ದಿನ ಮೊದಲ ಸಲ ಅತ್ತಳು. ಗೆದ್ದೆ ಎಂದುಕೊಂಡಿದ್ದಳು.

ಯಜಮಾನ ಎರಡು ದಿನ ಬುಸುಗುಟ್ಟಿದ. ಮೂರನೆಯ ದಿನ ಏನು ಹೊಳೆಯಿತೋ, ಊರಿಗೆಲ್ಲ ಕೇಳುವಂತೆ ಎದೆ ಬಡಿದುಕೊಂಡು ಅಳಲು ಕೂತ. ನೆಂಟಾ, ನನ್ನ ನೆಂಟಾ ಎಂದ. ತಲೆ ಬೋಳಿಸಿಕೊಂಡ. ಕಲ್ಲುಕುಟಿಗನನ್ನು ಕರೆಸಿ, ಬಾಗಿದ ಕೊಕ್ಕಿನ ಆಳೆತ್ತರದ ಕಲ್ಲುಹಕ್ಕಿ ಮಾಡಲು ಹೇಳಿದ. ಅವಳು ತಿಂಗಳುಗಟ್ಟಲೆ ನಡೆದ ದಾರಿಯಲ್ಲಿ ಸುದ್ದಿ ಹಕ್ಕಿಗಿಂತ ಬೇಗ ಹಾರಿತು, ಗಾಡಿಗಳೂ ಹಾಗೇ ಓಡಿದವು. ಎಂಟನೆಯ ದಿನ ಕೆರೆಯ ಊರಿನವರು ಗಾಡಿ ಕಟ್ಟಿಕೊಂಡು ಬಂದರು, ಅದು ನಮ್ಮ ಮಡಿಲಲ್ಲೇ ದಣಿವಾರಿಸಿಕೊಂಡದ್ದು ಎಂದು ಅತ್ತರು. ಬಲೆಯ ಊರಿನವರು ಬಂದರು, ಅದನ್ನು ನಮ್ಮಷ್ಟು ಹತ್ತಿರದಿಂದ ಕಂಡವರು ಯಾರಿದ್ದಾರೆ ಎಂದು ಅತ್ತರು. ಕುಲಕ್ಕೆ ಹೊರಗು ಎಂದಿದ್ದ ಗಂಡಸರೂ ತವರಿನವರೆಂದು ಹೇಳಿಕೊಂಡು ಬಂದರು. ಮುದುಕಿ ಬರಲಿಲ್ಲ. ಬದುಕಿದ್ದಾಗ ಹಿಡಿ ಕೆಸರು ಬಿಡದವರು ಸತ್ತ ಮೇಲೆ ಎಂಥ ನಂಟಸ್ತಿಕೆ ತೋರಿಸಿದರು ನೋಡಿ!

ಹತ್ತನೆಯ ದಿನ ಕೊನೆಯ ತುಂಡಿನ ದಂಡೆಯ ಮೇಲೆ ಎಲೆ ಹಾಕಿ ಪಿಂಡ ಇಟ್ಟರು. ಹಕ್ಕಿಗೆ ಇಷ್ಟವಾದದ್ದು ಇಡಬೇಕಲ್ಲ, ಹುಳ ಹುಡುಕಿದರು, ಸಿಗಲಿಲ್ಲ. ಅನ್ನವನ್ನೇ ಹುಳದ ಹಾಗೆ ಹೊಸೆದು ಇಟ್ಟರು. ಕಾಗೆ ತಕ್ಷಣ ಬಂದು ತಿಂದಿತು. "ಸತ್ತ ಜೀವಕ್ಕೆ ತೃಪ್ತಿಯಾಯ್ತು, ನಮ್ಮ ಮೇಲೆ ಕೋಪ ಇಲ್ಲ!" ಎಂದು ಎಲ್ಲರೂ ಕೈಮುಗಿದರು. ಕಾಗೆಗೇನು, ಅದಕ್ಕೆ ಹಸಿವಾಗಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಊರು ತಲೆಗೆ ನೀರು ಹಾಕಿಕೊಂಡು ಶುದ್ಧವಾಯಿತು. ಬಂದ ಊರುಗಳೂ ಮಿಂದವು. ಒದ್ದೆ ಜುಟ್ಟುಗಳ ನಡುವೆ ಯಜಮಾನ ಎದ್ದು ನಿಂತ.

"ಸೂತಕ ಹಿಡಿದು ಕರ್ಮ ಮಾಡಿದೋರೇ ವಾರಸುದಾರರು," ಎಂದ. "ಅಕ್ಕ ಹೇಳಿದ್ದು ನಿಜ, ಆ ನೆಲ ಹಕ್ಕಿಯದು. ಹಕ್ಕಿಗೆ ಈಗ ನಾವು ಬಿಟ್ಟರೆ ಯಾರಿದಾರೆ? ಇನ್ನು ಮೇಲೆ ಹೆಜ್ಜೆ ನೋಡೋ ಗೋಜೂ ಇಲ್ಲ. ಕೆರೆ ಕೆರೆಯೋರದು, ಜೌಗು ಜೌಗಿನೋರದು, ಈ ತುಂಡು ನಮ್ಮದು. ಕಲ್ಲುಹಕ್ಕಿ ಬದುವಿನ ಮೇಲೇ ನಿಲ್ಲಲಿ. ಹಾರೆ ತಗೊಳ್ಳಿ."

ಜನ ಹೌದು ಹೌದು ಎಂದರು. ಹೆಜ್ಜೆ ನೋಡುವವಳೇ ಅಲ್ಲವೇ ಮನೆಮನೆಗೆ ಹೋಗಿ ಇವರನ್ನು ನೆಂಟರನ್ನಾಗಿ ಮಾಡಿ ಬಂದದ್ದು? ಸತ್ಯ ಹೇಳಿ ಹಕ್ಕಿಯನ್ನು ಕಳೆದಿದ್ದಳು, ನ್ಯಾಯ ಕೇಳಿ ನೆಲವನ್ನೂ ಕೊಟ್ಟಳು. ತಮ್ಮ ಹಾರೆ ಎತ್ತಿಕೊಂಡು ದಂಡೆ ಇಳಿದ.

ಅವಳು ಅವನಿಗಿಂತ ಮೊದಲು ಕೆಸರಿಗೆ ಧುಮುಕಿದಳು. ನಡುವಿಗೆ ಹೋಗಿ ಮಂಡಿಯವರೆಗೆ ಹೂತು ನಿಂತಳು. ಕೂದಲು ಕೆದರಿತ್ತು, ಹನ್ನೊಂದು ದಿನದ ಕೊಳೆ ಮೈಮೇಲೆ ಹಾಗೇ ಇತ್ತು.

"ಹಾರೆ ಕೆಳಗಿಡು. ನಾನು ಇನ್ನೂ ಮಿಂದಿಲ್ಲ."

ತಮ್ಮ ನಿಂತುಬಿಟ್ಟ. ಸೂತಕದ ಮನೆಯಲ್ಲಿ ಒಬ್ಬರು ಮೀಯದೆ ಉಳಿದರೆ ಸೂತಕ ಕಳೆದ ಹಾಗಲ್ಲ. ಅದು ಯಜಮಾನನಿಗೂ ಗೊತ್ತಿತ್ತು. ಅವನು ಗದರಿದ, ಆಮೇಲೆ ಪುಸಲಾಯಿಸಿದ, ಎಳೆದು ತನ್ನಿ ಎಂದ. ಯಾರೂ ಮುಂದೆ ಬರಲಿಲ್ಲ. ಮೀಯದವಳನ್ನು ಮುಟ್ಟಿದರೆ ಮತ್ತೆ ಮೊದಲಿನಿಂದ ಹನ್ನೊಂದು ದಿನ. ಬಂದ ಊರಿನವರು ಮಧ್ಯಾಹ್ನದೊಳಗೆ ಗಾಡಿ ಕಟ್ಟಿಕೊಂಡು ಮೆಲ್ಲನೆ ಜಾರಿಕೊಂಡರು.

ಕಡಲು ಏರಿದಾಗ ಅವಳು ದಂಡೆಯ ಬುಡಕ್ಕೆ ಬಂದು ಕೂರುತ್ತಿದ್ದಳು, ಎದೆಮಟ್ಟದ ನೀರು ಮೈಗೆ ತಾಗಿದರೂ ನೆತ್ತಿಗೆ ತಾಗದಂತೆ ನೋಡಿಕೊಳ್ಳುತ್ತಿದ್ದಳು. ಕಡಲು ಇಳಿದಾಗ ತಿರುಗಿ ನಡುವಿಗೆ ಹೋಗಿ ನಿಲ್ಲುತ್ತಿದ್ದಳು. ಯಾರೋ ದಂಡೆಯ ಮೇಲೆ ಅನ್ನ ಇಟ್ಟು ಓಡುತ್ತಿದ್ದರು. ಒಂದು ತಿಂಗಳಾಯಿತು. ಊರಲ್ಲಿ ಒಂದು ಕೂಸಿಗೆ ಹೆಸರಿಡುವಂತಿಲ್ಲ, ಒಂದು ತೋರಣ ಕಟ್ಟುವಂತಿಲ್ಲ, ತೆಗೆದ ಉಪ್ಪನ್ನು ಹೊರಗೆ ಸಾಗಿಸುವಂತಿಲ್ಲ. ಊರು ಅವಳಿಗೆ ಶಾಪ ಹಾಕಿತು. ಹಾಕಲಿ ಬಿಡಿ, ಆ ಬಾಯಿಗಳು ಹೊಗಳಿದ್ದನ್ನೂ ಅವಳು ಕೇಳಿದ್ದಳು.

ಕೊನೆಗೆ ಯಜಮಾನ ತಮ್ಮನ ಮಗಳನ್ನೇ ಕಳಿಸಿದ. ಹುಡುಗಿ ಬಿಸಿನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು ದಂಡೆಗೆ ಬಂದಳು. ಮದುವೆಯ ಲಗ್ನ ಎರಡು ಸಲ ಮುಂದೆ ಹೋಗಿತ್ತು. ಇನ್ನೊಂದು ಸಲ ಹೋದರೆ ಗಂಡಿನವರು ಕಾಯುವುದಿಲ್ಲ ಎಂದು ಹೇಳಿ ಕಳಿಸಿದ್ದರು.

"ಅತ್ತೆ, ನಾನೇ ಕಾಯಿಸಿ ತಂದೆ. ಸೀಗೆಪುಡಿನೂ ತಂದಿದೀನಿ. ಬಾ, ತಲೆಗೆ ಹಾಕ್ತೀನಿ."

ಹೆಜ್ಜೆ ನೋಡುವವಳು ಸೊಸೆಯ ಮುಖ ನೋಡಿದಳು. ಈ ತಲೆಗೆ ತಾನು ಎಷ್ಟು ಸಲ ನೀರು ಹಾಕಿಲ್ಲ! ಕೊಡದ ಹಬೆ ಕಣ್ಣಿಗೆ ಬಿದ್ದಾಗ ಅವಳ ಕಾಲು ತಾನಾಗಿ ಕೆಸರಿನಿಂದ ಒಂದು ಹೆಜ್ಜೆ ಮೇಲೆ ಬಂತು. ದಂಡೆಯ ಹಿಂದೆ ಹಾರೆ ಹಿಡಿದವರು ಕತ್ತು ಚಾಚಿ ನಿಂತದ್ದು ಕಂಡಿತು. ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಕೆಸರಿನಲ್ಲಿ ಊರಿದಳು.

"ಆಗಲ್ಲ ಮಗಾ."

ಹುಡುಗಿಯ ಕಣ್ಣು ತುಂಬಿತು. ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. "ಎಲ್ಲಾ ಸಾವಿಗೂ ಒಂದು ಲೆಕ್ಕ ಇರುತ್ತೆ ಅತ್ತೆ. ಅಮ್ಮ ಸತ್ತಾಗಲೂ ಹನ್ನೊಂದೇ ದಿನ. ಈ ಹಕ್ಕಿಗೆ ಎಷ್ಟು ದಿನ? ಹೇಳು, ನಾನು ಹೋಗಿ ಹೇಳಬೇಕು. ಎಷ್ಟು ದಿನ?"

"ಅದು ಎಷ್ಟು ದಿನ ಸತ್ತಿರುತ್ತೋ ಅಷ್ಟು ದಿನ," ಎಂದಳು ಅತ್ತೆ.